ಗುರುವಾರದ ಬಳ್ಳೊಳ್ಳಿ

ಬೆಳಗಾವಿ ಬಸ್ ನಿಲ್ದಾಣದಲ್ಲಿ ಖಾನಾಪುರದ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಅಜ್ಜಿ, ಅವರ ಮೊಮ್ಮಗಳು. ಅಜ್ಜಿಯ ಮೊಬೈಲು ಮೊಮ್ಮಗಳ ಕೈಯಲ್ಲಿತ್ತು.

“ಆಯಿ, ನಮ್ಮಂಥ ಜೈನರ ಮನಿಗೆ ಸೂಪರ್ ಮಾರ್ಕೆಟ್‌ನವರು ಬಳ್ಳೊಳ್ಳಿ ಆಫರ್ ಯಾಕ ಕಳಿಸ್ಯಾರ?”

“ತಪ್ಪಿ ಬಂದಿರಬೇಕು ಬಿಡವಾ ಮೇಘಾ.”

“ತಪ್ಪಿ ಬರೂದಿಲ್ಲ. ಲಕ್ಷಗಟ್ಟಲೆ ಮಂದಿ ಬಿಲ್ ಕೂಡಿಸಿ, ಯಾರು ಏನು ತೊಗೊಂತಾರ, ಯಾವಾಗ ತೊಗೊಂತಾರ ಅಂತ ಕಂಪ್ಯೂಟರ್ ನೋಡತೈತಿ. ಅದಕ್ಕ ತಕ್ಕಂಗ ಆಫರ್ ಕಳಸತಾರ. ಬಿಗ್ ಡೇಟಾ ಅಂದ್ರ ಇದ.”

ಅಜ್ಜಿ ಸುತ್ತ ನೋಡಿ ದನಿ ತಗ್ಗಿಸಿದರು. ಅವರ ಪಾಲಿಗೆ ನಾನೊಂದು ಕಂಬ.

“ನಿಮ್ಮಣ್ಣನ ಹೇಣ್ತಿ, ನಿಮ್ಮ ವೈನಿ ಪೂರ್ಣಿಮಾ ಲಿಂಗಾಯತರ ಮನಿ ಮಗಳು. ಬಳ್ಳೊಳ್ಳಿ ಚಟ್ನಿ ಇಲ್ಲಂದ್ರ ಆಕಿಗೆ ರೊಟ್ಟಿ ಗಂಟಲದಾಗ ಇಳಿಯೂದಿಲ್ಲ. ನಾನ ತಂದು ಬಾಜು ಮನಿ ಕಾಶವ್ವಗ ಕೊಡತೀನಿ. ಪೂರ್ಣಿಮಾ ಅಲ್ಲೇ ಹೋಗಿ ತಿಂದು ಬರತಾಳ. ನಿಮ್ಮವ್ವಗ ಹೇಳಬ್ಯಾಡ.”

“ಅಯ್ಯ, ಅವ್ವ ಅಂತೂ ಬಳ್ಳೊಳ್ಳಿ ಹೆಸರು ಸೈತ ತಗೀಬ್ಯಾಡ ಅಂದಾಳ ಸೊಸಿಗೆ! ನೀ ಎಂದ ತರತಿ?”

“ಸೋಮವಾರಕ್ಕೊಮ್ಮೆ.”

“ಇಲ್ಲಿ ಹಳೇ ಬಿಲ್ ಮೆಸೇಜಿನ್ಯಾಗ ಗುರುವಾರನೂ ಬಳ್ಳೊಳ್ಳಿ ಐತಲ್ಲ. ಮನ್ಯಾಗ ಎಲ್ಲಾರೂ ಬಿಲ್ಲಿಗೆ ನಿನ್ನ ನಂಬರ್ ಕೊಡತೀವಿ. ಗುರುವಾರ ಯಾರು ಹೋಗತಾರ?”

“ಗುರುವಾರ ಕಿರಾಣಿ ತರಾಕ ನಿಮ್ಮವ್ವ ಹೋಗತಾಳ.”

ಮೇಘಾ ಮೊಬೈಲಿನಿಂದ ತಲೆ ಎತ್ತಿ ಅಜ್ಜಿಯ ಮುಖ ನೋಡಿದಳು. ಅಷ್ಟರಲ್ಲಿ ಬಸ್ಸು ಬಂತು.

“ಅದಕ, ನಾ ಕೊಟ್ಟಾಗೊಮ್ಮೆ ಕಾಶವ್ವ ನಗತಾಳ,” ಎನ್ನುತ್ತ ಅಜ್ಜಿ ಎದ್ದರು.

“ಅವ್ವನ್ನ ಕೇಳೂಣೇನು?”

“ಬ್ಯಾಡ. ಪಾಪ, ಸೊಸಿ ಸಲುವಾಗಿ ಎಷ್ಟು ಮುಚ್ಚಿ ತರತಾಳೋ ಏನೋ. ತರಲಿ ಬಿಡು.”