ಎರಡು ಸ್ಪೀಕರಿನ ಎಳೆದಾಟ

ಒಂದು ಊರು, ಆ ಊರಿಗೊಬ್ಬ ಶ್ರೀಮಂತ. ಹೆಸರು ಬೇಡ ಬಿಡಿ, ಹೇಳಿದರೆ ನಿಮ್ಮಲ್ಲೇ ಯಾರಾದರೂ ಎದ್ದು ನಿಂತಾರು!

ಅವನ ತಂದೆ ಮೃದಂಗ ವಿದ್ವಾಂಸರು, ತೀರಿಕೊಂಡಿದ್ದರು. ಅವರು ನುಡಿಸಿದ್ದರಲ್ಲಿ ಉಳಿದದ್ದು ಒಂದೇ ಒಂದು ಧ್ವನಿಮುದ್ರಣ. ಪ್ರತಿ ವರ್ಷ ತಂದೆಯ ತಿಥಿಯ ದಿನ, ಊಟವಾದ ಮೇಲೆ, ತಾಯಿಯನ್ನು ಕೂರಿಸಿ ಅದನ್ನು ಕೇಳಿಸುತ್ತಿದ್ದ. ಪುಸ್ತಕದ ಕಪಾಟಿನಲ್ಲಿ ಎರಡು ಪುಟ್ಟ ಸ್ಪೀಕರ್, ಎದುರಿಗೆ ತಾಯಿ. ಆ ವರ್ಷವೂ ಹಾಕಿದ. ಮುದುಕಿ ಕಿವಿಗೊಟ್ಟು ಕೇಳಿದಳು, ಮುಖ ಚಿಕ್ಕದಾಯಿತು.

"ಇದು ನಿಮ್ಮಪ್ಪನ ಕೈ ಅಲ್ಲ ಕಣೋ. ಎಡಗೈ ಎಲ್ಲೋಯ್ತು?"

ನಿಜ. ಬಲಗೈಯ ಟಣಟಣ ಕೇಳುತ್ತಿದೆ, ಎಡಗೈಯ ಆ ತುಂಬು 'ತೋಂ' ಇಲ್ಲವೇ ಇಲ್ಲ. ಶ್ರೀಮಂತ ಮತ್ತೆ ಮೊದಲಿಂದ ಹಾಕಿದ, ಅದೇ ಕಥೆ. ಮುದ್ರಣವೇ ಕೆಟ್ಟಿದ್ದರೆ? ಅಪ್ಪನನ್ನು ಇನ್ನೊಮ್ಮೆ ಕಳೆದುಕೊಂಡಂತಲ್ಲವೇ? ಮರುದಿನವೂ ಅವನಿಗೆ ಅನ್ನ ಸೇರಲಿಲ್ಲ.

ಭಾವಮೈದ ಹೇಳಿದ, "ಸ್ಪೀಕರ್‌ಗೆ ಶಕ್ತಿ ಸಾಲ್ತಿಲ್ಲ ಭಾವ. ದೊಡ್ಡ ಆಂಪ್ಲಿಫೈಯರ್ ತಗೊಳ್ಳಿ." ಅಳಿಯ ಹೇಳಿದ, "ಅದರಿಂದೇನೂ ಆಗಲ್ಲ ಮಾವ. ಇಷ್ಟು ಪುಟ್ಟ ಸ್ಪೀಕರ್‌ನಲ್ಲಿ ದಪ್ಪ ನಾದ ಎಲ್ಲಿಂದ ಬರಬೇಕು? ಅದಕ್ಕೇ ಅಂತ ಸಬ್‌ವೂಫರ್ ಇದೆ, ತಂದು ಮೂಲೇಲಿ ಇಡಿ." ಅದೋ, ಇದೋ? ಇದೋ, ಅದೋ? ತಲೆ ಕೆಟ್ಟು, ಎರಡನ್ನೂ ತರಿಸಿಬಿಟ್ಟ. ಶ್ರೀಮಂತ ತಾನೇ!

ಜೋಡಿಸಲು ಅಂಗಡಿಯ ಮೆಕ್ಯಾನಿಕ್ ಬಂದ. ಹೊಸ ಪೆಟ್ಟಿಗೆಗಳನ್ನು ಬಿಚ್ಚಲಿಲ್ಲ. ಹಳೆಯದನ್ನೇ ಒಂದು ಗಳಿಗೆ ಕೇಳಿ, ಸ್ಪೀಕರಿನ ಬೆನ್ನಿಗೆ ಟಾರ್ಚ್ ಹಿಡಿದ.

"ಈಚೆಗೆ ಯಾರ್ ಸಾರ್ ಇದನ್ನ ಬಿಚ್ಚಿದ್ದು?"

"ನಾನೇ ಕಣಪ್ಪ. ಆಯುಧಪೂಜೆಗೆ ಕೆಳಗಿಳಿಸಿ, ಒರೆಸಿ, ಕುಂಕುಮ ಇಟ್ಟು, ನಾನೇ ವಾಪಸ್ ಜೋಡಿಸ್ದೆ."

"ಭಕ್ತಿ ಸರಿಯಾಗಿದೆ ಸಾರ್, ವೈರ್ ತಪ್ಪಾಗಿದೆ. ಎಡಗಡೆ ಸ್ಪೀಕರ್‌ಗೆ ಕೆಂಪು ಇರೋ ಕಡೆ ಕಪ್ಪು ಹಾಕಿದ್ದೀರ. ಒಂದು ಮುಂದಕ್ಕೆ ತಳ್ಳೋವಾಗ ಇನ್ನೊಂದು ಹಿಂದಕ್ಕೆ ಎಳೀತಿದೆ. ದಪ್ಪ ನಾದ ಎರಡರ ಮಧ್ಯೆ ಸತ್ತೋಗ್ತಿದೆ."

"ಹಾಗಾದ್ರೆ ದೊಡ್ಡ ಆಂಪ್ಲಿಫೈಯರ್ ಹಾಕಿದ್ರೆ?"

"ಎಳೆದಾಟಾನೂ ದೊಡ್ಡದಾಗ್ತಿತ್ತು."

"ಸಬ್‌ವೂಫರ್?"

"ತಪ್ಪು ಮುಚ್ಚಿಕೊಳ್ತಿತ್ತು ಸಾರ್, ಸರಿಹೋಗ್ತಿರಲಿಲ್ಲ."

ಎರಡು ತಂತಿ ಅದಲುಬದಲು ಮಾಡಿದ, ಅಷ್ಟೇ. ಮುದ್ರಣ ಹಾಕಿದರು. ತೋಂ! ಕಪಾಟಿನ ಗಾಜು ಝುಂ ಎಂದಿತು. ಒಳಗಿದ್ದ ತಾಯಿ ಸೆರಗು ಸರಿಪಡಿಸಿಕೊಳ್ಳುತ್ತ ಹೊರಗೆ ಬಂದಳು. "ಬಂದ್ರು ಕಣೋ," ಎಂದಳು. ಶ್ರೀಮಂತ ನಗುತ್ತ ನಗುತ್ತಲೇ ಅತ್ತ. ಅಪ್ಪ ಎಲ್ಲೂ ಹೋಗಿರಲಿಲ್ಲ. ಪೆಟ್ಟಿಗೆಗಳೆರಡೂ ಅಂಗಡಿಗೆ ವಾಪಸ್ ಹೋದವು.

ನೋಡಿ, ನಗಬೇಡಿ. ಈಗ ನಿಮ್ಮ ಮನೆಗೆ ಬರೋಣ. ಅಪ್ಪ "ಟಿವಿ ಆರಿಸು, ಓದ್ಕೋ" ಅಂತಾನೆ. ಅಮ್ಮ "ಇನ್ನೊಂದು ಹತ್ತು ನಿಮಿಷ ನೋಡ್ಲಿ ಬಿಡಿ" ಅಂತಾಳೆ. ಇಬ್ಬರೂ ಒಳ್ಳೆಯವರೇ, ಇಬ್ಬರಿಗೂ ಮಗುವಿನ ಮೇಲೆ ಪ್ರೀತಿಯೇ. ಆದರೆ ಮಗುವಿನ ಕಿವಿಗೆ ಏನು ಬಿತ್ತು? ಏನೂ ಬೀಳಲಿಲ್ಲ! ಆಗ ನೀವೇನು ಮಾಡುತ್ತೀರಿ? ಧ್ವನಿ ಏರಿಸುತ್ತೀರಿ. ಅದು ನಿಮ್ಮ ಆಂಪ್ಲಿಫೈಯರ್. ಅದೂ ಸಾಲದಾಗ ಸೋದರಮಾವನನ್ನು ಕರೆಸಿ ಬುದ್ಧಿ ಹೇಳಿಸುತ್ತೀರಿ. ಅದು ಸಬ್‌ವೂಫರ್, ಮೂಲೆಯಲ್ಲಿ ಕೂತು ಗುಡುಗುತ್ತದೆ. ತಂತಿ ನೋಡಿದವರು ಯಾರು?

ನಿಮ್ಮ ಮನೆಯಲ್ಲಿ ಪ್ರೀತಿ ಕಡಿಮೆಯಾಗಿಲ್ಲ. ಹೆದರಬೇಡಿ, ಎಲ್ಲ ಅಲ್ಲೇ ಇದೆ. ಇವತ್ತು ಮನೆಗೆ ಹೋದವರೇ, ಮಗುವನ್ನು ಕರೆಯುವ ಮೊದಲು ಗಂಡಹೆಂಡತಿ ಅಡುಗೆಮನೆಯಲ್ಲಿ ನಿಂತು ಒಂದು ಮಾತಿಗೆ ಬನ್ನಿ. ಹತ್ತು ನಿಮಿಷ ಎಂದರೆ ಇಬ್ಬರಿಗೂ ಹತ್ತು ನಿಮಿಷ. ಆಮೇಲೆ ಮೆಲ್ಲಗೆ ಹೇಳಿ ನೋಡಿ, ಕೇಳಿಸುತ್ತದೆ. ಮತ್ತೆ, ತಂತಿ ತಪ್ಪಿದ್ದು ಯಾರಿಂದ ಎಂದು ಹುಡುಕಲು ಹೊರಡಬೇಡಿ. ಆ ಶ್ರೀಮಂತ ಕುಂಕುಮ ಇಟ್ಟ ಕೈಯಿಂದಲೇ ತಪ್ಪಾಗಿ ಜೋಡಿಸಿದ್ದ. ಮೊದಲು ನಿಮ್ಮ ಕೈ ನೋಡಿಕೊಳ್ಳಿ.