ಸಾಹುಕಾರನ ತೊಟ್ಟಿಲು, ಶಾವಂತ್ರವ್ವನ ಅಂಗೈ

ಹೆಮ್ಮೆಯ ಬಗ್ಗೆ ನಾಲ್ಕು ಮಾತು ಹೇಳಿ ಎಂದು ನಿಮ್ಮ ಬಡಿಗರ ಸಂಘದವರು ಕೇಳಿದ್ದಾರೆ. ಸ್ವಾಮಿಗಳು ಹೆಮ್ಮೆ ಬಿಡಿ ಅನ್ನುತ್ತಾರೆ, ನಾವು ತಲೆಯಾಡಿಸೋಣ, ಪ್ರಸಾದ ಮುಗಿಸಿ ಮನೆಗೆ ಹೋಗೋಣ ಎಂದುಕೊಂಡು ಬಂದಿದ್ದೀರಿ. ಸುಳ್ಳೇ? ಆದರೆ ನೋಡಿ, ನಾನು ಹಾಗೆ ಹೇಳುವವನಲ್ಲ. ಈ ಓಣಿಯಲ್ಲಿ ನಡೆದು ಬರುವಾಗ ಎರಡೂ ಬದಿಯ ಬಾಗಿಲುಗಳನ್ನು ನೋಡುತ್ತಾ ಬಂದೆ. ಒಂದೊಂದು ಬಾಗಿಲ ಮುಂದೆಯೂ ಕಾಲು ತಾನಾಗಿ ನಿಂತಿತು. ಇಂಥದ್ದನ್ನು ಮಾಡಿದವರಿಗೆ ಹೆಮ್ಮೆ ಇರದಿದ್ದರೆ ಇನ್ನು ಯಾರಿಗೆ ಇರಬೇಕು? ಇರಲಿ, ಇರಲೇಬೇಕು. ಅದು ಎಂಥ ಹೆಮ್ಮೆ ಎಂಬುದಷ್ಟೇ ಪ್ರಶ್ನೆ. ಅದಕ್ಕೊಂದು ದೃಷ್ಟಾಂತ ಹೇಳುತ್ತೇನೆ, ಕೇಳಿ.

ಯಾವುದೋ ಒಂದು ಊರು ಅನ್ನಿ. ಆ ಊರಿನಲ್ಲೊಬ್ಬ ಸಾಹುಕಾರ. ಮರದ ಅಡ್ಡೆ ಅವನದು, ಮಂಚ ಕಪಾಟು ಮಾಡುವ ಕಾರ್ಖಾನೆ ಅವನದು, ಪೇಟೆಯಲ್ಲಿ ಗಾಜಿನ ಬಾಗಿಲಿನ ಅಂಗಡಿಯೂ ಅವನದೇ. ಆದರೆ ಹುಟ್ಟು ಸಾಹುಕಾರನಲ್ಲ, ಉಳಿ ಹಿಡಿದು ಮೇಲೆ ಬಂದವನು. ಅವನಿಗೆ ಹೆಸರು ಬೇಡ. ಹೆಸರಿಟ್ಟರೆ ನಿಮ್ಮಲ್ಲೇ ಯಾರಾದರೂ ಒಬ್ಬರು, ಇದು ನನಗೇ ಹೇಳಿದ್ದು ಎಂದು ನಾಳೆ ಬೆಳಿಗ್ಗೆ ನನ್ನ ಜೊತೆ ಜಗಳಕ್ಕೆ ಬರುತ್ತೀರಿ.

ಆ ಸಾಹುಕಾರನಿಗೆ ಒಬ್ಬಳೇ ಮಗಳು. ಮದುವೆಯಾಗಿ ಹನ್ನೊಂದು ವರ್ಷ ಮಡಿಲು ತುಂಬಿರಲಿಲ್ಲ. ಹನ್ನೆರಡನೆಯ ವರ್ಷ ತವರಿಗೆ ಬಂದು ಹೆಣ್ಣು ಕೂಸು ಹೆತ್ತಳು. ತೊಟ್ಟಿಲು ತವರಿನದೇ ಆಗಬೇಕು, ಅದು ನಿಮಗೆ ಗೊತ್ತು. ಆದರೆ ಆ ಮನೆತನದಲ್ಲಿ ಇನ್ನೊಂದು ಪದ್ಧತಿಯಿತ್ತು. ಕೂಸು ಅತ್ತ ದನಿ ಕಿವಿಗೆ ಬೀಳುವ ತನಕ ತೊಟ್ಟಿಲ ಮರಕ್ಕೆ ಗರಗಸ ಮುಟ್ಟಿಸುವಂತಿಲ್ಲ. ಹೆಸರಿಡುವುದು ಹದಿಮೂರನೆಯ ದಿನ. ಅಂದರೆ ಕೈಯಲ್ಲಿದ್ದದ್ದು ಹನ್ನೆರಡೇ ದಿನ.

ಬೀಗರೆಲ್ಲ ಕೂಸು ನೋಡಲು ಬಂದಿದ್ದರು. ತೊಟ್ಟಿಲು ನಿಮ್ಮ ಅಂಗಡಿಯಲ್ಲೇ ಬೇಕಾದಷ್ಟು ಇವೆಯಲ್ಲ ಎಂದು ಯಾರೋ ನಕ್ಕರು. ಸಾಹುಕಾರನಿಗೆ ಅದು ಚುಚ್ಚಿತು. ಎಲ್ಲರೆದುರು ಎದ್ದು ನಿಂತ.

"ಅಂಗಡಿ ತೊಟ್ಟಲಾ ಅಲ್ರೀ. ನನ್ನ ಕೈಲೆ ಮಾಡ್ತೀನಿ. ಇನ್ನೊಬ್ಬರ ಕೈ ಅದಕ್ಕ ಸೋಕೂದಿಲ್ಲ" ಎಂದ.

ಮಾತು ಆಡಿಯಾಯಿತು. ಇನ್ನು ಆ ತೊಟ್ಟಿಲು ಹದಿಮೂರನೆಯ ದಿನಕ್ಕೆ ಸಿದ್ಧವಾಗಬೇಕು, ಹನ್ನೊಂದು ವರ್ಷ ಕಾದು ಬಂದ ಕೂಸಿನ ಮೈಗೆ ಅದರಲ್ಲಿ ಒಂದು ಸಿಬರೂ ತಾಗಬಾರದು. ತಪ್ಪಿದರೆ ಬೀಗರ ಮುಂದೆ ಮುಖ ಎತ್ತುವಂತಿಲ್ಲ. ಅದಕ್ಕಿಂತ ಹೆಚ್ಚಾಗಿ, ಮಗಳ ಮುಖ ನೋಡುವುದು ಹೇಗೆ?

ಇಪ್ಪತ್ತು ವರ್ಷದ ಮೇಲೆ ಉಳಿ ಹಿಡಿದ. ಕೈ ಮರೆತಿರಲಿಲ್ಲ ನೋಡಿ. ಎಂಟು ದಿನದಲ್ಲಿ ಕೊಯ್ದು, ಕೊರೆದು, ಜೋಡಿಸಿ ನಿಲ್ಲಿಸಿದ. ಒಂದು ಮೊಳೆಯನ್ನೂ ಹೊಡೆಯಲಿಲ್ಲ. ನಾಲ್ಕು ಮೂಲೆಯ ಕಂಬದ ಮೇಲೆ ನಾಲ್ಕು ಗಿಳಿ ಕೆತ್ತಿದ. ಗಿಳಿ ಎಂದರೆ ಗಿಳಿ, ಈಗ ಮಾತಾಡುತ್ತವೇನೋ ಅನ್ನಬೇಕು. ಆಳುಗಳು ಕೆಲಸ ಬಿಟ್ಟು ಬಂದು ನಿಂತು ನೋಡಿದರು. ಸಾಹುಕಾರನ ಎದೆ ಉಬ್ಬಿತು. ಅದರಲ್ಲಿ ತಪ್ಪೇನಿದೆ? ನನಗಾದರೂ ಉಬ್ಬುತ್ತಿತ್ತು.

ಉಳಿದದ್ದು ಮರಳು ಕಾಗದದಿಂದ ಉಜ್ಜಿ ನುಣುಪು ಮಾಡುವುದು. ಇಲ್ಲಿ ಸ್ವಲ್ಪ ಕಿವಿಗೊಟ್ಟು ಕೇಳಿ. ನಿಮ್ಮ ಕಸುಬಿನ ರೂಢಿ ನನಗೂ ಗೊತ್ತು, ನಾನೂ ಬಡಿಗರ ಮನೆಯ ಅನ್ನ ಉಂಡು ಬೆಳೆದವನೇ. ಗರಗಸ ಗಂಡಸರದು, ಉಳಿ ಗಂಡಸರದು, ಬಾಚಿ ಗಂಡಸರದು. ಉಜ್ಜುವುದು ಮಾತ್ರ ಹೆಂಗಸರ ಪಾಲು. ಅದನ್ನು ಯಾರೂ ಕೆಲಸ ಎಂದು ಕರೆಯುವುದಿಲ್ಲ. ಕೆಲಸ ಮುಗೀತು, ಇನ್ನು ಉಜ್ಜೋದೊಂದೇ ಬಾಕಿ ಅನ್ನುತ್ತೀರಿ. ಅನ್ನುತ್ತೀರೋ ಇಲ್ಲವೋ? ಹೀಗಾಗಿ ಇಷ್ಟು ದೊಡ್ಡ ಕಸುಬುದಾರ, ಜನ್ಮದಲ್ಲಿ ಒಂದು ದಿನವೂ ಒಂದು ಹಲಗೆಯನ್ನು ಕಡೆಯ ತನಕ ಉಜ್ಜಿದವನಲ್ಲ.

ಅವನ ಕಾರ್ಖಾನೆಯಲ್ಲಿ ಮೂವತ್ತು ವರ್ಷದಿಂದ ಉಜ್ಜುತ್ತಿದ್ದವಳು ಶಾವಂತ್ರವ್ವ. ನೋಡಿ, ಸಾಹುಕಾರನಿಗೆ ಹೆಸರಿಡದ ನಾನು ಈಕೆಗೆ ಹೆಸರಿಟ್ಟಿದ್ದೇನೆ. ಬೇಕೆಂದೇ ಇಟ್ಟಿದ್ದೇನೆ. ಮೊದಲು ಕೈಯಿಂದ ಉಜ್ಜುತ್ತಿದ್ದಳು, ಆಮೇಲೆ ಉಜ್ಜುವ ಮಶೀನು ಬಂತು, ಅದನ್ನೂ ಕಲಿತಳು. ಸಾಹುಕಾರ ಅವಳನ್ನು ಕರೆಯುತ್ತಿದ್ದದ್ದು ಹೇಗೆ? ಏ ಶಾವಂತ್ರಿ. ಅಷ್ಟೇ.

ಅವಳ ಕೈಯಲ್ಲಿದ್ದ ಹಳೆಯ ಮಶೀನು ಸಾಹುಕಾರನಿಗೆ ಬೇಡವಾಯಿತು. ಪಟ್ಟಣದಿಂದ ಹೊಸದು ತರಿಸಿದ. ಅಂಗೈಯಗಲದ ತಿರುಗುವ ತಟ್ಟೆ, ತಟ್ಟೆಗೆ ಅಂಟುವ ಮರಳು ಕಾಗದ, ಹಿಂದೊಂದು ಧೂಳಿನ ಚೀಲ. ಡಬ್ಬಿ ಬಿಚ್ಚಿ ಮಶೀನಿಗೆ ವಿಭೂತಿ ಹಚ್ಚಿದ, ಕುಂಕುಮ ಇಟ್ಟ, ಹೂ ಏರಿಸಿದ, ಕಾಯಿ ಒಡೆದ. ಅದೇ ಡಬ್ಬಿಯಲ್ಲಿ ಹೇಗೆ ಬಳಸಬೇಕೆಂದು ಬರೆದ ಒಂದು ಚೀಟಿ ಇತ್ತು, ಮೂಗಿಗೆ ಹಾಕುವ ಮಾಸ್ಕ್ ಇತ್ತು, ಕಣ್ಣಿಗೆ ಹಾಕುವ ಕನ್ನಡಕ ಇತ್ತು. ಅವನ್ನು ಏನು ಮಾಡಿದ? ಡಬ್ಬಿಯ ಜೊತೆ ಮೂಲೆಗೆ ಎಸೆದ. ಮಶೀನಿಗೆ ಪೂಜೆ, ಮೂಗಿಗೆ ಧೂಳು. ಯಾಕೆ ನಗುತ್ತೀರಿ? ಮೊನ್ನೆ ಆಯುಧ ಪೂಜೆಯ ದಿನ ನೀವು ಮಾಡಿದ್ದೂ ಇದನ್ನೇ ಅಲ್ಲವೇ?

ಹೆಗಲ ಮೇಲೆ ಶಲ್ಯ ಹಾಕಿಕೊಂಡೇ ಶುರು ಮಾಡಿದ. ಶಾವಂತ್ರವ್ವ ದೂರದಿಂದ ನೋಡಿ, ಸಾವ್ಕಾರ್ರ, ಶಲ್ಯಾ ತಗದಿಡ್ರಿ ಎಂದಳಂತೆ. ಉಜ್ಜೂದರಾಗ ಏನೈತಿ ಕಲಿಯೂವಂಥಾದ್ದು ಎಂದು ಇವನು ಅವಳ ಬಾಯಿ ಮುಚ್ಚಿಸಿದ. ಮೊದಲು ಎಲ್ಲಕ್ಕಿಂತ ಒರಟು ಕಾಗದ ಹಾಕಿದ, ಅದು ಸಾಕೆನಿಸುತ್ತಲೇ ನಡುವಿನದೆಲ್ಲ ಬಿಟ್ಟು ಎಲ್ಲಕ್ಕಿಂತ ನುಣುಪು ಕಾಗದಕ್ಕೆ ಹಾರಿದ. ಬೇಗ ಆಗಲಿ ಎಂದು ಮೈಭಾರವನ್ನೆಲ್ಲ ಮಶೀನಿನ ಮೇಲೆ ಹೇರಿ ದಮ್ಮು ಕಟ್ಟಿ ಒತ್ತಿದ. ಮಶೀನು ಪಾಪ ಗೊರಗೊರ ಎಂದಿತು. ಇನ್ನೂ ಒತ್ತಿದ. ಬಗ್ಗಿದಾಗ ಶಲ್ಯದ ತುದಿ ಜಾರಿ ತಿರುಗುವ ತಟ್ಟೆಯ ಕೆಳಗೆ ಸಿಕ್ಕಿತು. ಮಶೀನು ಕೈಯಿಂದ ಹಾರಿ ಕಂಬಕ್ಕೆ ಬಡಿಯಿತು, ಒಂದು ಗಿಳಿಯ ಕೊಕ್ಕು ಮುರಿಯಿತು, ಇವನ ಬೆರಳ ಗೆಣ್ಣಿನ ಚರ್ಮ ಕಿತ್ತುಬಂತು. ಶಲ್ಯ ಕುತ್ತಿಗೆಗೆ ಸುತ್ತಿಕೊಳ್ಳಲಿಲ್ಲ, ಅವನ ಪುಣ್ಯ.

ಬೆರಳಿಗೆ ಬಟ್ಟೆ ಸುತ್ತಿಕೊಂಡು, ತೊಟ್ಟಿಲನ್ನು ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ನೋಡಿದ. ಒಣ ಮರದಲ್ಲಿ ಕಾಣದೆ ಇದ್ದದ್ದೆಲ್ಲ ಎದ್ದು ಬಂತು. ಮೈತುಂಬ ಸುಳಿ ಸುಳಿ ಗೀರು. ಒತ್ತಿದ ಕಡೆಯೆಲ್ಲ ತಗ್ಗು. ಒಂದು ಅಂಚಿನಲ್ಲಿ ಸಿಬರು ಎದ್ದು ಅವನ ಹೆಬ್ಬೆರಳಿಗೇ ಚುಚ್ಚಿತು. ಅವತ್ತು ಹತ್ತನೆಯ ದಿನ. ಸಾಹುಕಾರ ಆ ತೊಟ್ಟಿಲ ಪಕ್ಕದಲ್ಲಿ ನೆಲದ ಮೇಲೆ ಕುಳಿತುಬಿಟ್ಟ. ಮೊದಲ ಸಲ ಅವನಿಗೆ ಹೆದರಿಕೆಯಾಯಿತು.

ಎದ್ದು ಶಾವಂತ್ರವ್ವನ ಹತ್ತಿರ ಹೋದ. ಕರೆಸಲಿಲ್ಲ, ತಾನೇ ಹೋದ. ನನ್ನ ಮೊಮ್ಮಗಳ ತೊಟ್ಟಲಾ ಕೆಡಿಸೀನವಾ, ನೀನ ಸರಿ ಮಾಡಿಕೊಡು ಎಂದು ಕೇಳಿದ. 'ಏ' ಹೋಗಿ 'ಅವ್ವ' ಬಂದದ್ದನ್ನು ಗಮನಿಸಿದಿರಾ? ಕಷ್ಟ ಬಂದಾಗ ನಮ್ಮ ಬಾಯಿಗೆ ಮರ್ಯಾದೆ ತಾನಾಗಿ ಬರುತ್ತದೆ.

ಅವಳು ಏನೆಂದಳು ಗೊತ್ತೇ?

"ನಾ ಮಾಡಿಕೊಡೂದಿಲ್ರಿ. ನಿಮ್ಮ ಕೈಲೆ ಮಾಡ್ತೀನಂತ ಬೀಗರ ಮುಂದ ನೀವ ಹೇಳೀರಿ. ನೀವ ಉಜ್ಜರಿ, ನಾ ತೋರಸ್ತೀನಿ."

ಬೇರೆ ಯಾರಾದರೂ ಆಗಿದ್ದರೆ ಈಗ ಸಿಕ್ಕಿದ ಎಂದು ಸೇಡು ತೀರಿಸಿಕೊಳ್ಳುತ್ತಿದ್ದರು. ಇವಳು ಅವನ ಮಾತನ್ನು ಉಳಿಸಲು ನಿಂತಳು.

ಮೊದಲು ಮಶೀನಿನ ವೈರನ್ನು ಗೋಡೆಯಿಂದ ಕೀಳಿಸಿದಳು. ಕಾಗದ ಬದಲಿಸುವಾಗ ಕರೆಂಟು ಇರಬಾರದು, ಬರೀ ಗುಂಡಿ ಆರಿಸಿದರೆ ಸಾಲದು ಎಂದಳು. ಶಲ್ಯ ತೆಗೆಸಿದಳು, ಕೈಯ ಕಡಗ ತೆಗೆಸಿದಳು. ವೈರು ತಟ್ಟೆಗೆ ಸಿಗದ ಹಾಗೆ ಹೆಗಲ ಮೇಲಿಂದ ಹಿಂದಕ್ಕೆ ಬಿಡಿಸಿದಳು. ತೊಟ್ಟಿಲು ಅಲುಗದಂತೆ ಮೇಜಿಗೆ ಬಿಗಿಸಿದಳು. ಆಮೇಲೆ ಮೂಲೆಯ ಡಬ್ಬಿಯಿಂದ ಕನ್ನಡಕ, ಮಾಸ್ಕ್ ತಂದು ಅವನ ಮುಂದೆ ಹಿಡಿದಳು. ಎರಡು ದಿನಕ್ಕೆ ಇದೆಲ್ಲ ಯಾಕೆ ಎಂದ ಸಾಹುಕಾರ.

"ಮೂವತ್ತು ವರ್ಷ ನಿಮ್ಮ ಧೂಳಾ ತಿಂದೀನ್ರಿ, ಈಗ ಮೆಟ್ಟಲಾ ಹತ್ತಿದ್ರ ದಮ್ಮು ಬರತೈತಿ. ನಾಳೆ ಕೂಸಿನ್ನ ಎತ್ತಿಕೊಳ್ಳೂ ಹೊತ್ತಿನ್ಯಾಗ ನಿಮಗ ಕೆಮ್ಮು ಬರಬಾರದು. ಹಾಕ್ಕೊಳ್ರಿ."

ಸಾಹುಕಾರ ತಲೆಯೆತ್ತಿ ಅವಳ ಮುಖ ನೋಡಿದ. ಅವಳ ಮೂಗಿಗೆ ಇದ್ದದ್ದು ಬರೀ ಸೆರಗು. ಮೂವತ್ತು ವರ್ಷ ಅದನ್ನು ನೋಡುತ್ತಲೇ ಇದ್ದ, ಕಂಡದ್ದು ಅವತ್ತು. ಆ ಮಾಸ್ಕನ್ನು ಅವಳ ಕೈಗೇ ಕೊಟ್ಟು, ಪೇಟೆಗೆ ಆಳು ಕಳಿಸಿ ತನಗೊಂದು ತರಿಸಿದ, ಕಾರ್ಖಾನೆಯಲ್ಲಿ ಇದ್ದವರಿಗೆಲ್ಲ ತರಿಸಿದ. ಅದು ಬರುವ ತನಕ ಗುಂಡಿ ಒತ್ತಲಿಲ್ಲ.

ಅವಳು ಪೆನ್ಸಿಲ್ ಕೊಟ್ಟು ಅವನಿಂದಲೇ ಹಲಗೆಯ ತುಂಬ ಅಡ್ಡಗೆರೆ ಎಳೆಸಿದಳು. ಗೆರೆಗಳೆಲ್ಲ ಒಟ್ಟಿಗೆ ಅಳಿಸಿದರೆ ಕೈ ಸಮ ನಡೆದಿದೆ, ಒಂದು ಕಡೆ ಅಳಿಸಿ ಒಂದು ಕಡೆ ಉಳಿದರೆ ಕೈ ವಾಲಿದೆ. ನೋಡಿ, ಎಷ್ಟು ಸುಲಭದ ಪರೀಕ್ಷೆ. ತಟ್ಟೆಯನ್ನು ಮರದ ಮೇಲೆ ಸಮನಾಗಿ ಇಟ್ಟು ಆಮೇಲೆ ಗುಂಡಿ, ಮರದ ಎಳೆ ಹೋದ ದಿಕ್ಕಿಗೇ ಕೈ. ಅವಸರ ಬೇಡ, ಒಂದು ಮೊಳ ಸಾಗುವಷ್ಟರಲ್ಲಿ ಹತ್ತು ಸಲ ಓಂ ನಮಃ ಶಿವಾಯ ಆಗಬೇಕು ಎಂದಳು. ನೀವು ಜಪಕ್ಕೆ ಪುರಸೊತ್ತಿಲ್ಲ ಅನ್ನುತ್ತೀರಿ, ಅವಳು ಮಶೀನಿನ ಜೊತೆಗೇ ಜಪ ಮುಗಿಸುತ್ತಿದ್ದಳು. ನಿಲ್ಲಿಸುವಾಗ ತಟ್ಟೆ ಪೂರ್ತಿ ನಿಂತ ಮೇಲೆಯೇ ಕೆಳಗಿಡಬೇಕು. ಎಂಬತ್ತನೆಯ ನಂಬರಿನ ಒರಟು ಕಾಗದದಿಂದ ಶುರು, ಆಮೇಲೆ ನೂರಿಪ್ಪತ್ತು, ಆಮೇಲೆ ನೂರೆಂಬತ್ತು, ಕಡೆಗೆ ನುಣುಪಾದ ಇನ್ನೂರಿಪ್ಪತ್ತು. ಒಂದನ್ನೂ ಹಾರಿಸುವಂತಿಲ್ಲ. ಒಂದು ಕಾಗದ ಬಿಟ್ಟ ಗೀರನ್ನು ಅದರ ಮುಂದಿನದು ಮಾತ್ರ ಅಳಿಸುತ್ತದೆ. ನಡುನಡುವೆ ಧೂಳು ಒರೆಸಬೇಕು, ಚೀಲ ಅರ್ಧ ತುಂಬಿದರೆ ಸಾಕು, ಖಾಲಿ ಮಾಡಬೇಕು. ಗಿಳಿಗಳ ಹತ್ತಿರ ಮಶೀನು ಒಯ್ಯಲೇಬಾರದು, ಅಲ್ಲಿ ಕೈಬೆರಳೇ ಗತಿ.

ಸಾಹುಕಾರ ಎಲ್ಲ ಕೇಳಿದ. ಆದರೂ ಹಳೆಯ ಚಾಳಿ, ಎರಡು ಮೊಳ ಹೋಗುವಷ್ಟರಲ್ಲಿ ಮತ್ತೆ ಒತ್ತತೊಡಗಿದ. ಅವಳು ಅವನ ಮುಂಗೈ ಮೇಲೆ ಎರಡು ಬೆರಳಿಟ್ಟು ತಡೆದಳು.

"ಒತ್ತಬ್ಯಾಡ್ರಿ ಸಾವ್ಕಾರ್ರ. ಮಶೀನಿನ ಭಾರ ಮಶೀನಿಗೆ ಸಾಕು. ನಿಮ್ಮ ಭಾರ ಅದರ ಮ್ಯಾಲೆ ಯಾಕ ಹೇರತೀರಿ?"

ಶಾಸ್ತ್ರ ಓದಿದವರು ಇದನ್ನು ಹೇಳಲು ಮೂರು ದಿನ ತೆಗೆದುಕೊಳ್ಳುತ್ತಾರೆ. ನಾನೂ ಈಗ ಅರ್ಧ ತಾಸಿನಿಂದ ಇದನ್ನೇ ಹೇಳಲು ಹೆಣಗುತ್ತಿದ್ದೇನೆ.

ಹನ್ನೆರಡನೆಯ ದಿನ ಸಂಜೆಗೆ ತೊಟ್ಟಿಲು ನುಣುಪಾಯಿತು. ಮುರಿದ ಗಿಳಿಗೆ ಗಿಡ್ಡ ಕೊಕ್ಕು ತಿದ್ದಿದ. ಹದಿಮೂರನೆಯ ದಿನ ನೆರೆದ ಹೆಂಗಸರ ನಡುವೆ ತೊಟ್ಟಿಲು ತೂಗುಹಾಕಿದರು. ಬೀಗರ ಕಡೆಯ ಹಿರಿಯ ಅಜ್ಜಿ ಎದ್ದು ಬಂದಳು. ಹಳೆಯ ರೇಷ್ಮೆ ಸೀರೆಯ ತುಂಡೊಂದನ್ನು ಸೊಂಟದಿಂದ ತೆಗೆದಳು. ಅವರ ಕಡೆ ಹಾಗೆ, ರೇಷ್ಮೆಯ ಒಂದು ಎಳೆ ಸಿಕ್ಕಿಕೊಂಡರೂ ಕೂಸನ್ನು ಆ ತೊಟ್ಟಿಲಿಗೆ ಹಾಕುವುದಿಲ್ಲ. ಅಜ್ಜಿ ಅಂಚಿಗೆ ಎಳೆದಳು, ತಳಕ್ಕೆ ಎಳೆದಳು, ಸಂದಿಗೆ ತುರುಕಿ ಎಳೆದಳು. ಸಾಹುಕಾರನ ಕಣ್ಣು ಆ ರೇಷ್ಮೆಯ ತುಂಡಿನ ಮೇಲೇ ಇತ್ತು. ಒಂದು ಎಳೆಯೂ ಸಿಗಲಿಲ್ಲ. ಯಾರ ಕೈಯ ಕೆಲಸ ಇದು ಎಂದು ಅಜ್ಜಿ ಕೇಳಿದಳು.

ಈಗ ಹೇಳಿ, ಅವನು ನನ್ನದು ಅಂದಿದ್ದರೆ ಸುಳ್ಳಾಗುತ್ತಿತ್ತೇ? ಆಗುತ್ತಿರಲಿಲ್ಲ. ಬೇರೆ ಯಾರ ಕೈಯೂ ಮಶೀನು ಹಿಡಿದಿರಲಿಲ್ಲ. ಆದರೆ ಅವನು ಅಡುಗೆಮನೆಯ ಬಾಗಿಲಿಗೆ ಆತು ನಿಂತಿದ್ದವಳನ್ನು ಕರೆದ. ಹೆಸರು ಹಿಡಿದು, ಪೂರ್ತಿ ಹೆಸರು ಹಿಡಿದು ಕರೆದ.

"ಶಾವಂತ್ರವ್ವ, ಮುಂದ ಬಾರವಾ. ಕೈ ನನ್ನದರಿ ಅಜ್ಜಿ, ಆ ಕೈಗೆ ಬುದ್ಧಿ ಕಲಿಸಿದಾಕಿ ಈಕಿ. ತೊಟ್ಟಲಾ ಮದ್ಲ ಈಕಿನ ತೂಗಬೇಕು."

ಶಾವಂತ್ರವ್ವ ಬಂದಳು. ನಾಚಿ ತಲೆ ತಗ್ಗಿಸಿದಳು ಅಂದುಕೊಂಡಿರಾ? ಇಲ್ಲ. ಅಷ್ಟು ಜನರ ನಡುವೆ ಅಂಗೈಯನ್ನು ಅಂಚಿನ ಮೇಲೆ ಒಂದು ಸಲ ಮೆಲ್ಲಗೆ ಆಡಿಸಿದಳು. ಎಡಗಡೆ ಒಂದೀಟು ಒರಟು ಉಳದೈತ್ರಿ, ನಾಳೆ ಕೈಲೆ ಉಜ್ಜೂಣು ಎಂದಳು. ಆಮೇಲೆ ತೊಟ್ಟಿಲು ತೂಗಿದಳು. ರೇಷ್ಮೆಗೆ ಸಿಗದದ್ದು ಆ ಅಂಗೈಗೆ ಸಿಕ್ಕಿತು ನೋಡಿ.

ಇದನ್ನು ನಾನು ಹೆಮ್ಮೆ ಅನ್ನುತ್ತೇನೆ. ಸಾಹುಕಾರನಿಗೆ ಮೊದಲು ಇದ್ದದ್ದು ಒತ್ತುವ ಹೆಮ್ಮೆ. ಶಾವಂತ್ರವ್ವನದು ಬಲ್ಲವರ ಹೆಮ್ಮೆ. ಅದು ಯಾರನ್ನೂ ತುಳಿಯುವುದಿಲ್ಲ, ಯಾರಿಗೂ ಬಗ್ಗುವುದೂ ಇಲ್ಲ. ಅದು ನಿಮ್ಮಲ್ಲಿ ಇರಲಿ, ನಿಮ್ಮ ಮಕ್ಕಳಲ್ಲಿ ಇರಲಿ.

ಹಾಗಾದರೆ ನಾಳೆಯಿಂದ ನೀವು ಮಾಡಬೇಕಾದದ್ದೇನು? ಅಂಗಡಿಗೆ ಹೋದ ಕೂಡಲೇ ಹೆಗಲ ಟವೆಲ್ಲು ಗೂಟಕ್ಕೆ ಹಾಕಿ. ಮೂಗು ಮುಚ್ಚಿ, ಕಣ್ಣು ಮುಚ್ಚಿ, ಅಂದರೆ ಕನ್ನಡಕದಿಂದ ಮುಚ್ಚಿ, ನಿದ್ದೆಯಿಂದ ಅಲ್ಲ. ವೈರು ಕೀಳದೆ ಕಾಗದ ಮುಟ್ಟಬೇಡಿ. ನಂಬರು ಹಾರಿಸಬೇಡಿ. ಒತ್ತಬೇಡಿ. ಮನೆಗೆ ಹೋದ ಮೇಲೂ ಒತ್ತಬೇಡಿ. ಸೊಸೆ ನಿಮ್ಮ ಮನೆಗೆ ಹೊಂದಿಕೊಳ್ಳಲಿ ಎಂದು ಮೂರೇ ದಿನದಲ್ಲಿ ಉಜ್ಜಿ ಉಜ್ಜಿ ತಗ್ಗು ಬೀಳಿಸುತ್ತೀರಿ. ಮಗ ಒಂದು ಪರೀಕ್ಷೆಯಲ್ಲಿ ಸೋತ ಎಂದು ಮೈಭಾರವನ್ನೆಲ್ಲ ಅವನ ಮೇಲೆ ಹಾಕುತ್ತೀರಿ. ಆ ಗೀರು ಅವತ್ತು ಕಾಣುವುದಿಲ್ಲ, ಕಣ್ಣು ಒದ್ದೆಯಾದ ದಿನ ಎದ್ದು ಕಾಣುತ್ತದೆ.

ಇನ್ನೊಂದೇ ಮಾತು, ಇದು ನಾಳೆಗಲ್ಲ. ನಾನು ಇಲ್ಲಿ ಮೇಲೆ ಕುಳಿತಿರುವುದರಿಂದ ನನಗೆ ಎಲ್ಲ ಕಾಣುತ್ತದೆ. ಚಪ್ಪಲಿ ಬಿಡುವ ಜಾಗದ ಹತ್ತಿರ, ನೆಲದ ಮೇಲೆ, ಹನ್ನೆರಡು ಹದಿಮೂರು ಜನ ತಾಯಂದಿರು ಕುಳಿತಿದ್ದಾರೆ. ನಿಮ್ಮ ಬಾಗಿಲುಗಳನ್ನು ಉಜ್ಜಿದ ಕೈಗಳು ಅವು, ನಾನು ಓಣಿಯಲ್ಲಿ ನಿಂತು ನಿಂತು ನೋಡಿದ್ದು ಅವರ ಕೆಲಸವನ್ನು. ಸಂಘದ ಯಜಮಾನರೇ, ಮುಂದಿನ ಸಾಲಿನ ಕುರ್ಚಿಗಳಿಂದ ಸ್ವಲ್ಪ ಏಳುತ್ತೀರಾ? ನೀವೇ ಹೋಗಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ತನ್ನಿ. ಹೆಸರು ಗೊತ್ತಿಲ್ಲದಿದ್ದರೆ ಕೇಳಿಕೊಳ್ಳಿ. ಅವರೆಲ್ಲ ಇಲ್ಲಿ ಬಂದು ಕುಳಿತ ಮೇಲೆ ಮಂಗಳಾರತಿ ಮಾಡೋಣ, ನಾನು ಕಾಯುತ್ತೇನೆ.