ಕೋಡಿಯ ಗೋಡೆ

ಹಾರೋಹಳ್ಳಿಯಲ್ಲಿ ಮರಳವಾಡಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅಕ್ಕ, ತಮ್ಮ ನಿಂತಿದ್ದರು. ಇಬ್ಬರ ಕೊರಳಲ್ಲೂ ಒಂದೇ ಪ್ರಯೋಗಾಲಯದ ಗುರುತಿನ ಚೀಟಿ.

"ಡ್ಯಾಮಿನ ಹೊಸ ಕೋಡಿಗೆ ಆ ಗೋಡೆ ಸಾಕು ಅಂತ ಅದೆಂಗ್ ಹೇಳ್ದೆ, ಅಶ್ವಥ್?"

"ಮಾಡೆಲ್ಲಲ್ಲಿ ನೀರು ಗೋಡೆ ದಾಟ್ದೆ ಒಳಗೇ ಹೋಯ್ತಲ್ಲಕ್ಕ. ಡ್ಯಾಮಿನ ಸಾಹೇಬ್ರೇ ನೋಡುದ್ರು."

"ನಿನ್ ಮಾಡೆಲ್ ನನ್ ಮಂಡಿಯುದ್ದ ಐತೆ ಕಣ್ಲಾ. ಅಷ್ಟೇ ಎತ್ತರದಿಂದ ಬಿದ್ರೆ ನೀರು ಗಾಳಿ ಕುಡಿಯಲ್ಲ. ನಿಜವಾದ ಕೋಡೀಲಿ ಗಾಳಿ ಸೇರ್ಕೊಂಡು ಹಾಲು ಉಕ್ಕಿದಂಗೆ ಉಕ್ತದೆ. ಗೋಡೆ ದಾಟ್ತದೆ."

"ಅದು ನಿನ್ ಕಂಪ್ಯೂಟರ್ ಲೆಕ್ಕ."

"ಆ ಲೆಕ್ಕಾನ ಸಾಹೇಬ್ರ ಮುಂದೆ ಯಾಕೆ ಹೇಳ್ನಿಲ್ಲ?"

"ಗೋಡೆ ಇನ್ನೂ ಎತ್ತರ್ಸಬೇಕಾ ಅಂತ ಮುಖ ಗಂಟಾಕ್ಕಂಡು ಕೇಳುದ್ರು. ಬ್ಯಾಡ ಸಾರ್ ಅಂದ್ಬುಟ್ಟೆ."

"ಅಂದ್ಬುಟ್ಟ ಮಹಾರಾಯ! ಗೇಟ್ ಎತ್ತಿ, ಆ ಗೋಡೆ ಪಕ್ಕದ ಮೆಟ್ಲಲ್ಲಿ ಇಳಿಯೋರು ಯಾರ್ಲಾ?"

ಅವನು ಬಸ್ಸು ಬರುವ ದಾರಿ ನೋಡಿದ.

"ಬಾಯಿ ಬುಡು. ಯಾರು?"

"ಅಪ್ಪ."

"ಈಗ್ಲೇ ಸಾಹೇಬ್ರಿಗೆ ಫೋನ್ ಮಾಡು."

"ಕೆಲ್ಸ ಹೋಯ್ತದೆ ಕಣಕ್ಕ. ಒಸಿ ತಡಿ, ನಾಳೆ ಮಾಡ್ತೀನಿ."

"ನಾಳೆ ನಕ್ಷೆಗೆ ಸಹಿ ಬೀಳ್ತದೆ. ಹಂಗಾದ್ರೆ ಅಪ್ಪಂಗೊಂದು ಛತ್ರಿ ತಕ್ಕೊಡು."

ಅಷ್ಟರಲ್ಲಿ ಕನಕಪುರದ ಬಸ್ಸು ಬಂತು. ಅವಳು ಹತ್ತಿ ನನ್ನ ಕಡೆಯ ತೆರೆದ ಕಿಟಕಿ ಬದಿ ಕೂತು, ಹಿಂದೆಯೇ ಹತ್ತಿದ ಅವನಿಗೆ ಸಿಗದಂತೆ ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟಳು.

"ಫೋನ್ ಮಾಡು, ಆಮೇಲೆ ಕೂರು."

ಬೇರೆ ಸೀಟುಗಳು ಬೇಕಾದಷ್ಟು ಖಾಲಿ ಇದ್ದವು. ಬಸ್ಸು ಹೊರಟಾಗಲೂ ಅವನು ಒಂದು ಕೈಯಲ್ಲಿ ಕಂಬಿ ಹಿಡಿದು ಅವಳ ಎದುರಿಗೇ ನಿಂತಿದ್ದ. ಇನ್ನೊಂದು ಕೈ ಫೋನಿದ್ದ ಜೇಬಿನಲ್ಲೇ ಇತ್ತು.